ಬ್ಯಾಟರಿ ಪೆಟ್ಟಿಗೆಗೆ ಬೀಗ

ಮಾರ್ಚ್ 3, ಸೋಮವಾರ

ನಿನ್ನೆ ಸಂಜೆ ಐದಕ್ಕೆ ಚಾರ್ಜಿಗೆ ಹಾಕಿದೆ. ಬೆಳಿಗ್ಗೆ ಆರಕ್ಕೆ ತೆಗೆದೆ. ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿದರೆ 12.2 ವೋಲ್ಟ್. ಚಾರ್ಜರಿನ ದೀಪ ಕೆಂಪು.

ಇಷ್ಟೇ ಬರೆಯಬೇಕೆಂದು ಬ್ಯಾಟರಿ ಅಂಗಡಿಯವನ ಅಪ್ಪಣೆ. ಫೋನಿನಲ್ಲಿ ಹೇಳಿದ: “ದಿನಾ ಬರೆದಿಡಿ ಸಾರ್. ಎಷ್ಟೊತ್ತಿಗೆ ಹಾಕಿದ್ರಿ, ಎಷ್ಟೊತ್ತಿಗೆ ತೆಗೆದ್ರಿ, ಎಷ್ಟು ತೋರಿಸ್ತು. 12.7 ಬಂದ್ರೆ ಹೊಟ್ಟೆ ತುಂಬಿದೆ ಅಂತ. 12.2 ಅಂದ್ರೆ ಅರ್ಧ ಹೊಟ್ಟೆ. ಮೂರು ವಾರ ಬರೆದು ತಗೊಂಡು ಬನ್ನಿ, ಕಾಯಿಲೆ ಏನಂತ ಪುಸ್ತಕಾನೇ ಹೇಳುತ್ತೆ.” ಚಾರ್ಜರ್ ಎಂಥದ್ದು ಎಂದು ಕೇಳಿದ. ಎಲ್ಲರ ಹತ್ತಿರ ಇರುವಂಥದ್ದೇ ಎಂದೆ.

ಪುಸ್ತಕ ತಂದದ್ದಾಯಿತು. ಆದರೆ ಮೂರು ಅಂಕಿ ಬರೆದು ಮುಚ್ಚಿಡಲು ಕೈ ಒಪ್ಪುತ್ತಿಲ್ಲ. ಹೊಟ್ಟೆಯಲ್ಲಿರುವುದನ್ನು ಇವಳ ಹತ್ತಿರ ಹೇಳುವಂತಿಲ್ಲ. ಹೇಳಿದರೆ ಅರ್ಧ ಗಂಟೆಯೊಳಗೆ ಅವಳ ತಂಗಿಗೆ ಮುಟ್ಟುತ್ತದೆ, ತಂಗಿಯಿಂದ ತಂಗಿಯ ಗಂಡನಿಗೆ. ಆ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅವನೇ ನನ್ನ ಹೊಟ್ಟೆಯಲ್ಲಿ ಕೂತಿರುವುದು.

ನಮ್ಮಿಬ್ಬರ ದೋಣಿಗಳೂ ಒಂದೇ ಕಟ್ಟೆಯಲ್ಲಿ ಅಕ್ಕಪಕ್ಕ. ಈ ಕೆರೆಯಲ್ಲಿ ಹೊಗೆ ಬಿಡುವ ಮೋಟರು ಕೂಡದು ಎಂದಾದಮೇಲೆ ಇಬ್ಬರೂ ಟ್ರೋಲಿಂಗ್ ಮೋಟರು ಹಾಕಿಸಿಕೊಂಡೆವು. ದೋಣಿಯ ಹಿಂದೆ ನೇತಾಡುವ ಪುಟ್ಟ ಮೋಟರು, ಸದ್ದಿಲ್ಲ, ಹೊಗೆಯಿಲ್ಲ. ಬ್ಯಾಟರಿಯಲ್ಲಿ ಜೀವ ಇರುವ ತನಕ ನಾವೇ ರಾಜರು, ಆಮೇಲೆ ಹುಟ್ಟೇ ಗತಿ. ನನ್ನ ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತಿದೆ. ಗಾಳ ಹಾಕಲು ಬಂದವರು ‘ಇಷ್ಟೇನಾ?’ ಎಂಬ ಮುಖ ಮಾಡಿ ಷಡ್ಡಕನ ದೋಣಿಯ ಕಡೆ ನೋಡುತ್ತಾರೆ. ಆ ನೋಟ ನನಗೆ ಸಹಿಸಲಾಗುವುದಿಲ್ಲ.

ಮಾರ್ಚ್ 4, ಮಂಗಳವಾರ

12.2. ಕೆಂಪು.

ಷಡ್ಡಕ ಹನ್ನೊಂದಕ್ಕೆ ವಾಪಸು ಬಂದು ಬ್ಯಾಟರಿ ಚಾರ್ಜಿಗೆ ಹಾಕಿದ. ನಾನು ಸಂಜೆ ಮನೆಗೆ ಹೊರಡುವಾಗ ಅವನ ದೀಪ ಹಸಿರು. ಏಳೇ ಗಂಟೆಯಲ್ಲಿ! ನನ್ನದು ಹದಿಮೂರು ಗಂಟೆ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಕಟ್ಟೆಯ ಮೇಲಿನ ಒಂದೇ ಶೆಡ್ಡು, ಒಂದೇ ಕರೆಂಟು, ಮೋಟರಿನ ಜೊತೆ ಬಂದ ಒಂದೇ ಜಾತಿಯ ಚಾರ್ಜರು. ಹಾಗಾದರೆ ಅವನಿಗೇನು ಕೊಂಬು?

ಬ್ಯಾಟರಿ ಮಾತ್ರ ಬೇರೆ. ಅವನದು ಎಂಬತ್ತು ಆಂಪಿಯರ್-ಅವರ್‌ನದು. ಅವನು ಕೊಂಡ ಮೂರನೇ ವಾರಕ್ಕೆ ನಾನು ನೂರಿಪ್ಪತ್ತರದು ಕೊಂಡೆ. ಅವನು ಕೊಂಡ ಅಂಗಡಿಯಲ್ಲಲ್ಲ, ಬಸ್ಸು ಹತ್ತಿ ಹೋಗಿ ಬೇರೆ ಕಡೆ. ಯಾಕೆ ನೂರಿಪ್ಪತ್ತು ಎಂದರೆ, ಎಂಬತ್ತಕ್ಕಿಂತ ದೊಡ್ಡದು, ಅದಕ್ಕೆ. ಇದನ್ನು ಯಾರೂ ಓದುವುದಿಲ್ಲವಲ್ಲ, ನಿಜ ಬರೆದರೇನು. ಅದನ್ನು ಎತ್ತಿ ದೋಣಿಗೆ ಇಳಿಸುವಾಗ ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದ್ದೆ. “ಮೂಗಿಗಿಂತ ಮೂಗುತಿ ಭಾರ ಆಯ್ತು” ಎಂದು ಇವಳು ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಅಂದಿದ್ದಳು. ಆದರೂ ಪಕ್ಕದ ದೋಣಿಯಲ್ಲಿ ಅವನ ಪುಟ್ಟ ಡಬ್ಬಿ ನೋಡಿದಾಗಲೆಲ್ಲ ಆ ನೋವು ನನಗೆ ಹಿತವಾಗಿಯೇ ಇತ್ತು.

ಅವನ ಪ್ಲಗ್ಗು ಮೀಟರ್ ಬೋರ್ಡಿನ ಪಕ್ಕದಲ್ಲೇ. ನನ್ನದು ಶೆಡ್ಡಿನ ಆ ಕೊನೆಗೆ. ಅವನು ಹೀರಿ ಉಳಿದ ಕರೆಂಟು ನನಗೆ ಬರುತ್ತಿರಬೇಕು.

ಮಾರ್ಚ್ 6, ಗುರುವಾರ

12.1. ಕೆಂಪು.

ನಿನ್ನೆ ಅವನಿಗಿಂತ ಮೊದಲೇ ಹೋಗಿ ಬೋರ್ಡಿನ ಪಕ್ಕದ ಪ್ಲಗ್ಗಿಗೆ ನನ್ನದನ್ನು ಸಿಕ್ಕಿಸಿದೆ. ಅವನು ಬಂದ, ನೋಡಿದ, ತನ್ನ ವೈರನ್ನು ಸುಮ್ಮನೆ ನನ್ನ ಹಳೇ ಪ್ಲಗ್ಗಿಗೆ ಹಾಕಿಕೊಂಡ. ಅಲ್ಲೂ ಅವನದು ಹಸಿರು! ಬೋರ್ಡಿನ ಪಕ್ಕದಲ್ಲೂ ನನ್ನದು ಕೆಂಪು. ಮೈ ಪರಚಿಕೊಳ್ಳುವಂತಾಯಿತು.

ಜಗಳವನ್ನಾದರೂ ಆಡಬಹುದಿತ್ತು, ಆದರೆ ಮಾತು ಬಿಟ್ಟು ಎರಡು ವರ್ಷವಾಯಿತು. ಅವನ ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತಿದ್ದಾಗ ಕರೆದುಕೊಂಡು ಬಂದು ಈ ನೀರಿಗೆ ಕಾಲಿಡಿಸಿದವನು ನಾನು. ಹುಟ್ಟು ಹಿಡಿಯುವುದು, ಗಾಳಿ ನೋಡುವುದು, ಜೊಂಡಿನಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೆ ಬರುವುದು, ಎಲ್ಲ ಕಲಿಸಿದೆ. ಅವನು ಸ್ವಂತ ದೋಣಿ ಇಳಿಸಿದ ದಿನ ಕಟ್ಟೆಯ ತುಂಬ ಜನ. ಯಾರೋ ಕೇಳಿದರು, “ಯಾರ ಹತ್ರ ಕಲಿತ್ರಿ?” ಇವನು ಹಲ್ಲು ಕಿರಿದು, “ಕೆರೇನೇ ಕಲಿಸ್ತು” ಎಂದ. ನಾನು ಎರಡು ಮಾರು ದೂರದಲ್ಲಿ ಅವನ ಹಗ್ಗವನ್ನೇ ಹಿಡಿದುಕೊಂಡು ನಿಂತಿದ್ದೆ. ಗುರುವಿಗೇ ತಿರುಮಂತ್ರ. ಅವತ್ತು ಹಗ್ಗ ಬಿಟ್ಟವನು ಮಾತನ್ನೂ ಬಿಟ್ಟೆ.

ಇವತ್ತು ಕಟ್ಟೆಗೆ ಹಕ್ಕಿ ಎಣಿಸುವ ಮೇಡಂ ಬಂದಿದ್ದರು. ಏಪ್ರಿಲ್ ಒಂದರಿಂದ ಮೂರು ತಿಂಗಳು, ದಿನಾ ಬೆಳಗಿನಿಂದ ಸಂಜೆ ತನಕ, ಒಂದೇ ದೋಣಿ ಬೇಕಂತೆ. ಸದ್ದು ಮಾತ್ರ ಕೂಡದು. ಹದಿನಾಲ್ಕಕ್ಕೆ ಷಡ್ಡಕನ ದೋಣಿ ನೋಡುತ್ತಾರೆ, ಇಪ್ಪತ್ತೊಂದಕ್ಕೆ ನನ್ನದು. ಮೂರು ತಿಂಗಳ ಕೆಲಸ! ಗಾಳದವರ ಮುಖ ನೋಡುವುದು ತಪ್ಪುತ್ತದೆ. ಈ ಕೆಲಸ ನನಗೇ ಆಗಬೇಕು. ಅವನಿಗೆ ಆದರೆ ನಾನು ಈ ಕಟ್ಟೆಗೆ ಕಾಲಿಡಲಾರೆ.

ಮಾರ್ಚ್ 8, ಶನಿವಾರ

12.1.

ಸಂಜೆ ಬ್ಯಾಟರಿಯ ತಲೆ ಬಿಚ್ಚಿ ನೋಡಿದೆ. ವೈರು ಕಚ್ಚುವ ಎರಡೂ ಟರ್ಮಿನಲ್ಲುಗಳ ಸುತ್ತ ಬಿಳಿ, ಹಸಿರು ಪುಡಿ ಹೂವಿನಂತೆ ಅರಳಿಕೊಂಡಿದೆ. ಸಿಕ್ಕಿತು ಕಳ್ಳ! ಬಿಸಿನೀರಿಗೆ ಅಡುಗೆ ಸೋಡಾ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಗಂಟೆ ಉಜ್ಜಿದೆ. ನೊರೆ ಉಕ್ಕಿ ಹರಿಯಿತು. ಒರೆಸಿ, ಒಣಗಿಸಿ, ಗ್ರೀಸು ಸವರಿ, ನಟ್ಟು ಬಿಗಿದು ಚಾರ್ಜಿಗೆ ಹಾಕಿ ಬಂದೆ. ತೊಳೆದ ಮೇಲೆ ಸೀಸ ಹೊಳೆಯುವುದನ್ನು ನೋಡುವುದೇ ಚೆಂದ.

ಆ ಬ್ರಷ್ಷು ಹಳೆಯದಲ್ಲವಂತೆ, ಇವಳದಂತೆ. ಮನೆಗೆ ಬಂದಮೇಲೆ ಅದಕ್ಕೊಂದು ಪುರಾಣವಾಯಿತು. ಆಮೇಲೆ ಅಡುಗೆಮನೆಯಲ್ಲಿ ತಂಗಿಯ ಜೊತೆ ಫೋನಿನಲ್ಲಿ ಗುಸುಗುಸು. “ನೂರಿಪ್ಪತ್ತಂತೆ ಕಣೆ... ಹೂಂ, ಅದೇ ಸಣ್ಣ ಚಾರ್ಜರೇ...” ಎಂದದ್ದು ಕೇಳಿಸಿತು. ನನ್ನ ಮರ್ಯಾದೆಯನ್ನು ಹರಾಜು ಹಾಕಲು ಮನೆಯಲ್ಲೇ ಒಬ್ಬಳಿದ್ದಾಳೆ.

ಮಾರ್ಚ್ 9, ಭಾನುವಾರ

12.7! ಹಸಿರು!

ಕಣ್ಣುಜ್ಜಿಕೊಂಡು ಮತ್ತೆ ಅಳೆದೆ. 12.7.

ಮಾರ್ಚ್ 11, ಮಂಗಳವಾರ

12.7. ಹಸಿರು. ನಿನ್ನೆಯೂ ಹಾಗೇ.

ಸಂಜೆ ಐದರ ತನಕ ಗಾಳದವರನ್ನು ಸುತ್ತಾಡಿಸಿದೆ. ಮೋಟರು ಒಮ್ಮೆಯೂ ಗೊಣಗಲಿಲ್ಲ. ಒಂದು ಸೋಡಾ ಪೊಟ್ಟಣ, ಒಂದು ಬ್ರಷ್ಷು! ಇಷ್ಟಕ್ಕೆ ಜನ ಮೆಕ್ಯಾನಿಕ್ಕುಗಳ ಕಾಲು ಹಿಡಿಯುತ್ತಾರೆ. ಹನ್ನೊಂದಕ್ಕೆ ವಾಪಸು ಹೋಗುತ್ತಿದ್ದ ಷಡ್ಡಕನ ದೋಣಿಯನ್ನು ಬೇಕೆಂದೇ ಹತ್ತಿರದಿಂದ ಹಾದುಹೋದೆ. ಅವನು ನಕ್ಕು ಕೈ ಎತ್ತಿದ. ನಗಲಿ. ಒಳಗೆ ಉರಿಯುತ್ತಿರಬೇಕು.

ಅವನ ಸೀಟಿನ ಕೆಳಗೆ ಹೊಸದೊಂದು ಹಳದಿ ಪೆಟ್ಟಿಗೆ ಕಂಡಿತು. ಏನು ಸಾಮಾನೋ. ಸಾಹೇಬರ ಕೈ ಓಡುತ್ತಿದೆ.

ಮಾರ್ಚ್ 14, ಶುಕ್ರವಾರ

12.7.

ಇವತ್ತು ಅವನ ಸರದಿ. ನಾನು ಕಟ್ಟೆಯ ಮೇಲೆ ಬಲೆ ಬಿಡಿಸುವ ನೆವ ಮಾಡಿ ಕೂತಿದ್ದೆ. ಒಂದೇ ಬಲೆಯನ್ನು ನಾಲ್ಕು ಸಲ ಬಿಡಿಸಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಬಂದರು. ಮೇಡಂ ನಗುತ್ತಾ ಇಳಿದರು. ಅವನು ಏನು ಹೇಳಿದನೋ, ಇನ್ನೂ ಜೋರಾಗಿ ನಕ್ಕರು. ಇವನ ಬಾಯಿಗೆ ಯಾವ ದೇವರು ಜೇನು ಸವರಿದನೋ ಕಾಣೆ. ನಾನು ಅದೇ ಮಾತು ಹೇಳಿದರೆ ಜನ “ಏನಂದ್ರಿ?” ಎನ್ನುತ್ತಾರೆ.

ಮೇಡಂ ನನ್ನ ಹತ್ತಿರ ಬಂದು, “ಅವರ ದೋಣಿ ಚೆನ್ನಾಗಿದೆ, ಆದ್ರೆ ಬ್ಯಾಟರಿ ಮಧ್ಯಾಹ್ನದ ತನಕ ಅಷ್ಟೇ ಬರುತ್ತಂತೆ. ನಿಮ್ಮದು?” ಎಂದರು.

“ಸಂಜೆ ತನಕ ಮೇಡಂ. ನೂರಿಪ್ಪತ್ತು” ಎಂದೆ. ಷಡ್ಡಕನಿಗೂ ಕೇಳಿಸುವ ಹಾಗೆ ಎಂದೆ. “ಹಾಗಿದ್ರೆ ನನಗೆ ಅದೇ ಬೇಕಾಗಿರೋದು. ಇಪ್ಪತ್ತೊಂದಕ್ಕೆ ನೋಡೋಣ” ಎಂದು ಹೋದರು. ಕೆಲಸ ನನ್ನದೇ! ರಾತ್ರಿ ಎರಡು ತುತ್ತು ಹೆಚ್ಚಿಗೆ ಸೇರಿತು.

ಮಾರ್ಚ್ 15, ಶನಿವಾರ

12.7. ಹಸಿರು. ಆದರೆ ಒಂದು ವಿಷಯ.

ಚಾರ್ಜರಿನ ಕೆಂಪು ಕ್ಲಿಪ್ಪನ್ನು ನಾನು ಯಾವಾಗಲೂ ಬಾಯಿ ಒಳಗೆ ಮಾಡಿ ಕಚ್ಚಿಸುತ್ತೇನೆ. ಬೆಳಿಗ್ಗೆ ನೋಡಿದರೆ ಬಾಯಿ ಹೊರಗಿದೆ. ನಾನು ಗ್ರೀಸು ಸವರಿದ ಜಾಗದಲ್ಲಿ ಬೆರಳಿನ ಗುರುತು. ತಲೆ ಎತ್ತಿ ನೋಡಿದರೆ ಷಡ್ಡಕ ತನ್ನ ದೋಣಿಯಲ್ಲಿ ಬಗ್ಗಿಕೊಂಡು ಅವಸರದಲ್ಲಿ ಏನೋ ಮುಚ್ಚಿಡುತ್ತಿದ್ದಾನೆ. ಇನ್ನೂ ಆರು ಗಂಟೆ. ಎಂಟಕ್ಕೆ ಮುಂಚೆ ಬಾರದವನಿಗೆ ಇಷ್ಟು ಹೊತ್ತಿಗೇ ಇಲ್ಲೇನು ಕೆಲಸ?

ಗೊತ್ತಾಯಿತು. ನನ್ನ ಬ್ಯಾಟರಿ ಹೇಗೆ ಸರಿಯಾಯಿತೆಂದು ಕದ್ದು ನೋಡುತ್ತಿದ್ದಾನೆ! ನನ್ನ ಉಪಾಯ ಕಲಿತು ತನ್ನ ಎಂಬತ್ತನ್ನೂ ಸಂಜೆ ತನಕ ಓಡಿಸಿ, ಮೇಡಂ ಮುಂದೆ ಹಲ್ಲು ಕಿರಿಯಬೇಕು. ಆಮೇಲೆ ಯಾರಾದರೂ ಕೇಳಿದರೆ ‘ಬ್ಯಾಟರೀನೇ ಕಲಿಸ್ತು’ ಎನ್ನಬೇಕು. ಒಂದು ಸಲ ಕಲಿಸಿ ಬುದ್ಧಿ ಬಂದಿದೆ ನನಗೆ.

ಪೇಟೆಗೆ ಹೋಗಿ ಒಳ್ಳೇ ಗಟ್ಟಿ ಬೀಗ ತಂದೆ. ಸಂಜೆ ಕ್ಲಿಪ್ಪು ಕಚ್ಚಿಸಿ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಹಾಕಿ, ವೈರಿಗೆ ಮಾತ್ರ ತೂತು ಬಿಟ್ಟು ಬೀಗ ಜಡಿದೆ. ಬೀಗದ ಕೈ ಜನಿವಾರದ ಹಾಗೆ ಕೊರಳಲ್ಲಿ.

ಇವಳಿಗೆ ಹೇಳಿದರೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಬೀಗ ಯಾಕ್ರೀ ಹಾಕಿದ್ರಿ?”

“ಕಳ್ಳರಿಗೆ.”

“ಬ್ಯಾಟರಿ ಮುಟ್ಟೋರೆಲ್ಲ ಕಳ್ಳರೇ ಆಗಿರ್ತಾರಾ?” ಎಂದಳು. ಇವಳ ಮಾತು ಯಾವಾಗಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಸಾರಿಗೆ ಉಪ್ಪು ಹಾಕುವುದನ್ನೂ ಮರೆತಿದ್ದಳು.

ಮಾರ್ಚ್ 16, ಭಾನುವಾರ

12.4. ಕೆಂಪು.

ಮಾರ್ಚ್ 17, ಸೋಮವಾರ

12.3. ಕೆಂಪು.

ಬೀಗ ಹಾಕುವ ಮೊದಲೇ ಏನೋ ಮಾಡಿ ಹೋಗಿದ್ದಾನೆ. ಒಂದು ವಾರ ದಿನಾ ಕೈಯಾಡಿಸಿದ್ದಾನಲ್ಲ. ಟರ್ಮಿನಲ್ ಮತ್ತೆ ತೊಳೆದೆ, ಕೊಳೆಯೇ ಇಲ್ಲ. ಮುಚ್ಚಳ ಬಿಚ್ಚಿ ಒಳಗಿನ ನೀರು ನೋಡಿದೆ. ಎರಡು ಗೂಡಿನಲ್ಲಿ ಸ್ವಲ್ಪ ಇಳಿದಿತ್ತು, ಡಿಸ್ಟಿಲ್ಡ್ ನೀರು ತುಂಬಿಸಿದೆ. ನಾಳೆ ನೋಡಬೇಕು.

ಮಾರ್ಚ್ 19, ಬುಧವಾರ

12.2.

ನೀರಿನಿಂದ ಏನೂ ಆಗಲಿಲ್ಲ. ಉದ್ದದ ವೈರು ಸುರುಳಿ ಸುತ್ತಿಕೊಂಡು ಬಿಸಿಯಾಗುತ್ತಿತ್ತು, ಬಿಡಿಸಿ ಹಾಸಿದೆ. ಆಮೇಲೆ ಅದನ್ನೇ ಬಿಟ್ಟು ಗಿಡ್ಡದು, ದಪ್ಪದು ತಂದು ಹಾಕಿದೆ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇನ್ನು ಎರಡೇ ದಿನ.

ಇವಳು ಊಟಕ್ಕೆ ಬಡಿಸುತ್ತಾ, “ಒಂದ್ ಕೆಲಸ ಮಾಡಿ, ಬೀಗ ತೆಗೆದುಬಿಡಿ” ಎಂದಳು.

“ಬೀಗಕ್ಕೂ ಬ್ಯಾಟರಿಗೂ ಏನೇ ಸಂಬಂಧ?”

“ಸಂಬಂಧ ಇದ್ದೇ ಇದೆ. ಸಂಬಂಧ ಅಂದ್ರೆ ಏನು ಅಂತ ನಿಮಗೆ ಗೊತ್ತಿದ್ರೆ ತಾನೆ!” ಎಂದು ತಟ್ಟೆ ಕುಕ್ಕಿದಳು.

ಹೆಂಗಸರಿಗೆ ಯಂತ್ರದ ವಿಷಯ ಹೇಳಿ ಪ್ರಯೋಜನವಿಲ್ಲ. ಷಡ್ಡಕನ ದೀಪ ಇವತ್ತೂ ಹಸಿರು. ಆ ಹಸಿರು ನೋಡಿದರೆ ನನ್ನ ಬಾಯಿ ಕಹಿಯಾಗುತ್ತದೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ 12.1. ಮೇಡಂಗೆ ಹೇಳಲಿಲ್ಲ.

ಆರೂವರೆಗೆ ಹೊರಟೆವು. ಮೇಡಂ ಮುಂದೆ ಕೂತು, ಕೈಯಲ್ಲಿ ಎಣಿಸುವ ಗುಂಡಿ ಹಿಡಿದು ಟಿಕ್ ಟಿಕ್ ಎನ್ನಿಸುತ್ತಿದ್ದರು. ಮೋಟರನ್ನು ಆದಷ್ಟು ನಿಧಾನಕ್ಕೆ ಇಟ್ಟುಕೊಂಡೆ. ನೀರು ಕನ್ನಡಿಯಂತಿತ್ತು. ಒಂದೊಂದು ಹಕ್ಕಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ, ಬೇಗ ಎಣಿಸಿಕೊಳ್ಳಮ್ಮ, ಬೇಗ ಮುಗಿಯಲಿ ಎಂದು. ಎಂಟೂವರೆಯ ತನಕ ಎಲ್ಲ ಸರಿಯಿತ್ತು.

ಒಂಬತ್ತಕ್ಕೆ ಕೆರೆಯ ಆ ತುದಿ, ದೊಡ್ಡ ಜೊಂಡಿನ ಹತ್ತಿರ. ಮೇಡಂ ಪಿಸುಮಾತಿನಲ್ಲಿ, “ನಿಲ್ಲಿಸ್ಬೇಡಿ, ಆಚೆ ಬದಿ ನೂರಾರು ಕೂತಿವೆ, ಹಾಗೇ ಮೆಲ್ಲಗೆ ಹೋಗಿ” ಎಂದರು. ಅದೇ ಹೊತ್ತಿಗೆ ಮೋಟರಿನ ಸ್ವರ ಇಳಿಯಿತು. ರೆಕ್ಕೆ ಎರಡು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು.

“ಏನಾಯ್ತು?”

“ಏನಿಲ್ಲ ಮೇಡಂ, ಒಂದು ನಿಮಿಷ.”

ಕೊರಳಿನಿಂದ ಬೀಗದ ಕೈ ತೆಗೆದು, ಪೆಟ್ಟಿಗೆ ಬಿಚ್ಚಿ, ವೈರು ಅಲ್ಲಾಡಿಸಿದೆ. ಅಲ್ಲಿ ಅಲ್ಲಾಡಿಸುವುದಕ್ಕೆ ಏನೂ ಇರಲಿಲ್ಲ. ಹುಟ್ಟು ಇಳಿಸಿದೆ. ಎರಡು ಸಲ ಎಳೆಯುವುದರೊಳಗೆ ಆಚೆ ಬದಿಯ ನೂರಾರು ಹಕ್ಕಿಗಳೂ ಒಂದೇ ಸಲಕ್ಕೆ ಎದ್ದು ಹಾರಿದವು. ಮೇಡಂ ಗುಂಡಿ ಒತ್ತುವುದನ್ನು ನಿಲ್ಲಿಸಿ ಕೈ ತೊಡೆಯ ಮೇಲೆ ಇಟ್ಟುಕೊಂಡರು. ಬೈದಿದ್ದರೆ ಸುಖವಾಗಿರುತ್ತಿತ್ತು.

ಎದುರುಗಾಳಿ ಎದ್ದಿತು. ದೊಡ್ಡ ಬ್ಯಾಟರಿಯ ಭಾರ ಬೇರೆ. ಒಂದು ಗಂಟೆ ಎಳೆದರೂ ಜೊಂಡು ಅಲ್ಲೇ ಕಾಣುತ್ತಿತ್ತು, ಅಂಗೈಯಲ್ಲಿ ಬೊಬ್ಬೆ. ಆಗ ದೂರದಿಂದ ಸದ್ದಿಲ್ಲದೆ ಬಂದ, ಬೇರೆ ಯಾರು, ಷಡ್ಡಕ. ಹತ್ತಿರ ಬಂದು ಹಗ್ಗ ಎಸೆದ. ಹಿಡಿಯುವುದೋ ಬಿಡುವುದೋ ಎಂದು ಕ್ಷಣ ಯೋಚಿಸಿದೆ. ಒಬ್ಬನೇ ಇದ್ದಿದ್ದರೆ ಈಜಿಕೊಂಡಾದರೂ ದಡ ಸೇರುತ್ತಿದ್ದೆ. ಮೇಡಂ ಇದ್ದರಲ್ಲ, ಹಿಡಿದೆ.

ನಾನು ಎಳೆಸಿಕೊಂಡು ಬಂದದ್ದನ್ನು ಕಟ್ಟೆಯ ಮೇಲಿದ್ದವರೆಲ್ಲ ನೋಡಿದರು. ಮೇಡಂ ಇಳಿಯುವಾಗ, “ಬೇಜಾರು ಮಾಡ್ಕೋಬೇಡಿ. ಅವರದು ಮಧ್ಯಾಹ್ನದ ತನಕ ಆದ್ರೂ ಗ್ಯಾರಂಟಿ ಇದೆ, ಅವರನ್ನೇ ಕರೀತೀನಿ” ಎಂದರು. ಕೆಲಸ ಅವನಿಗಾಯಿತು.

ಮಾರ್ಚ್ 22, ಶನಿವಾರ

ಕಟ್ಟೆಗೆ ಹೋಗಲಿಲ್ಲ. ಅಳೆಯಲಿಲ್ಲ.

ಮಾರ್ಚ್ 24, ಸೋಮವಾರ

ಅಂಕಿಗಳನ್ನು ಬೇರೊಂದು ಹಾಳೆಗೆ ಇಳಿಸಿಕೊಂಡು, ಬ್ಯಾಟರಿಯನ್ನು ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಫೋನಿನಲ್ಲಿ ಮಾತಾಡಿದ್ದವನದೇ; ಷಡ್ಡಕ ಬ್ಯಾಟರಿ ಕೊಂಡ ಅಂಗಡಿ, ಅಲ್ಲಿಗೆ ಕಾಲಿಡಲಾರೆ ಎಂಬ ಹಟವೂ ಉಳಿದಿರಲಿಲ್ಲ. ಅಂಗಡಿಯವನು ತನ್ನ ಯಂತ್ರ ಕಚ್ಚಿಸಿ ಪರೀಕ್ಷೆ ಮಾಡಿ, “ಗಟ್ಟಿಮುಟ್ಟಾಗಿದೆ ಸಾರ್, ಏನೂ ಕಾಯಿಲೆ ಇಲ್ಲ” ಎಂದ. ಆಮೇಲೆ ಹಾಳೆಯ ಮೇಲೆ ಬೆರಳು ಇಳಿಸುತ್ತಾ ಬಂದ.

“ಎಂಟನೇ ತಾರೀಖಿನ ತನಕ ಅರ್ಧ ಹೊಟ್ಟೆ. ಒಂಬತ್ತರಿಂದ ಹದಿನೈದು ಹೊಟ್ಟೆ ತುಂಬ. ಹದಿನಾರರಿಂದ ಮತ್ತೆ ಉಪವಾಸ. ಈ ಮಧ್ಯದ ಏಳು ದಿನ ಯಾವ ಚಾರ್ಜರ್ ಹಾಕಿದ್ರಿ?”

“ಅದೇ. ಮೋಟರಿನ ಜೊತೆ ಬಂದದ್ದು. ಟರ್ಮಿನಲ್ ತೊಳೆದಿದ್ದೆ.”

“ತೊಳೆದದ್ದು ಒಳ್ಳೇದೇ. ಆದ್ರೆ ಅದರಿಂದ ಇದು ಆಗಲ್ಲ ಸಾರ್. ಕೊಡ ದೊಡ್ಡದು, ನಲ್ಲಿ ಸಣ್ಣದು. ಆ ಪುಟ್ಟ ಚಾರ್ಜರು ಎಂಬತ್ತಕ್ಕೆ ಸರಿ. ನಿಮ್ಮ ನೂರಿಪ್ಪತ್ತು ಅದರಲ್ಲಿ ತುಂಬೋಕೆ ಇಪ್ಪತ್ತು ಗಂಟೆ ಬೇಕು. ನೀವು ಹದಿಮೂರಕ್ಕೆ ಕಿತ್ತುಕೊಂಡು ಹೋಗ್ತೀರ. ದಿನಾ ಖರ್ಚು ಜಾಸ್ತಿ, ಜಮೆ ಕಮ್ಮಿ. ಆ ಏಳು ದಿನ ಯಾರೋ ದೊಡ್ಡ ಚಾರ್ಜರು ಹಾಕಿದ್ದಾರೆ.”

ಅವನು ಹಿಂದಿನ ಕಪಾಟಿನಿಂದ ಒಂದು ಹಳದಿ ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಇಟ್ಟ. “ಇಂಥದ್ದು. ನಿಮ್ಮ ಕಟ್ಟೆಗೇ ಒಂದು ಹೋಯ್ತಲ್ಲ, ಎಂಟನೇ ತಾರೀಖು ಸಂಜೆ, ಬಾಗಿಲು ಹಾಕೋ ಹೊತ್ತಿಗೆ ಓಡಿ ಬಂದ್ರು. ನಗ್ತಾ ನಗ್ತಾ ಮಾತಾಡ್ತಾರಲ್ಲ, ಅವರು. ನಿಮ್ಮ ಎಂಬತ್ತಕ್ಕೆ ಇಷ್ಟು ಜೋರಿನದು ಬೇಡ, ಬ್ಯಾಟರಿ ಬೆಂದುಹೋಗುತ್ತೆ ಅಂದೆ. ‘ನನಗಲ್ಲ, ನಮ್ಮ ಭಾವಂಗೆ’ ಅಂದ್ರು.”

ಅಂಗಡಿಯಲ್ಲಿ ಕುರ್ಚಿ ಇತ್ತು. ಕೂತೆ.

ಸಂಜೆ ಮನೆಗೆ ಬಂದು ಇವಳನ್ನು ಕೇಳಿದೆ. ಇವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಹೇಳಿದಳು. ದಿನಾ ಸಂಜೆ ನಾನು ಮನೆಗೆ ಹೊರಟ ಮೇಲೆ ಅವನು ನನ್ನ ಸಣ್ಣ ಚಾರ್ಜರು ತೆಗೆದು ತನ್ನ ದೊಡ್ಡದನ್ನು ಹಾಕುವನಂತೆ. ಬೆಳಿಗ್ಗೆ ನಾನು ಬರುವ ಮೊದಲೇ ಎದ್ದು ಹೋಗಿ ತೆಗೆದು, ನನ್ನದನ್ನು ಮತ್ತೆ ಕಚ್ಚಿಸುವನಂತೆ. ಬೀಗ ಬಿದ್ದ ಸಂಜೆ ನಾದಿನಿ ಫೋನು ಮಾಡಿ, “ಅಕ್ಕ, ಈಗ ಏನೇ ಮಾಡೋದು?” ಎಂದು ಕೇಳಿದಳಂತೆ.

“ಒಂದು ಮಾತು ನನಗೆ ಹೇಳಿದ್ರೆ ಆಗ್ತಿರಲಿಲ್ವಾ?”

“ಹೇಳಿದ್ರೆ ಏನ್ಮಾಡ್ತಿದ್ರಿ?”

ಸುಳ್ಳು ಹೇಳೋಣವೆಂದುಕೊಂಡೆ. ಆಗಲಿಲ್ಲ. “ಅವನ ಚಾರ್ಜರನ್ನ ನೀರಿಗೆ ಎಸೀತಿದ್ದೆ.”

“ಅದಕ್ಕೇ ಹೇಳಲಿಲ್ಲ” ಎಂದು ಇವಳು ನನ್ನ ಅಂಗಿಯನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಹಾಗಾದರೆ ಕೆಲಸ ಕಸಿದುಕೊಂಡದ್ದು ಅವನಲ್ಲ. ನನ್ನ ಕೊರಳಲ್ಲಿ ನೇತಾಡುತ್ತಿರುವ ಈ ಬೀಗದ ಕೈ.

ಮಾರ್ಚ್ 25, ಮಂಗಳವಾರ

ಬೀಗ ತೆಗೆದೆ. ಬಿಸಾಡಲಿಲ್ಲ, ಒಳ್ಳೇ ಬೀಗ.

ಅವನ ಹತ್ತಿರ ಹೋಗಿ ಏನಾದರೂ ಹೇಳಬೇಕು ಎಂದುಕೊಂಡು ನಾಲ್ಕು ಹೆಜ್ಜೆ ಇಟ್ಟೆ. ಅವನು ತಲೆ ಎತ್ತಿ ನಕ್ಕ. ಆ ನಗು ನೋಡಿ ಮತ್ತೆ ಹೊಟ್ಟೆ ಉರಿಯಿತು, ಹಿಂದಕ್ಕೆ ಬಂದುಬಿಟ್ಟೆ. ನಾನು ಅವನಿಗೆ ಹುಟ್ಟು ಕಲಿಸಿದಾಗ ಊರಿಗೆಲ್ಲ ಗೊತ್ತಾಗಲಿ ಎಂದು ಕಾಯುತ್ತಿದ್ದೆ. ಇವನು ಗುಟ್ಟಾಗಿ ಮಾಡಿ ಸುಮ್ಮನಿದ್ದ. ಒಳ್ಳೆತನದಲ್ಲೂ ಅವನೇ ಮುಂದೆ! ಇದನ್ನಾದರೂ ನನಗೆ ಬಿಟ್ಟುಕೊಡಬಾರದಿತ್ತೇ?

ಮಾರ್ಚ್ 26, ಬುಧವಾರ

12.5. ಆದರೆ ಕ್ಲಿಪ್ಪಿನ ಬಾಯಿ ಹೊರಗಿದೆ. ಶುರು ಮಾಡಿದ್ದಾನೆ.

ಮಾರ್ಚ್ 28, ಶುಕ್ರವಾರ

12.7. ಹಸಿರು.

ಬೆಳಿಗ್ಗೆ ಬೇಗ ಎದ್ದು ಕಟ್ಟೆಗೆ ಹೋಗಿ, ಅವನು ಚಾರ್ಜರು ಬದಲಿಸಿ ಮನೆಗೆ ಮರಳುವ ತನಕ ಶೆಡ್ಡಿನ ಹಿಂದೆ ಅಡಗಿದ್ದೆ. ಅವನ ದೋಣಿಯ ತಳ ಸ್ವಲ್ಪ ಜಿನುಗುತ್ತದೆ, ಬೆಳಗಾಗುವ ಹೊತ್ತಿಗೆ ನಾಲ್ಕು ಬೆರಳು ನೀರು. ಮೊಗೆದು ಹೊರಗೆ ಹಾಕಿ, ಒರೆಸಿ, ಏನೂ ಗೊತ್ತಿಲ್ಲದವನಂತೆ ನನ್ನ ದೋಣಿಯಲ್ಲಿ ಕೂತೆ. ಎಂಟಕ್ಕೆ ಅವನು ಬಂದು ಒಣಗಿದ ತಳ ನೋಡಿದ. ಆಕಾಶ ನೋಡಿದ. ತಲೆ ಕೆರೆದುಕೊಂಡ. ಅನುಭವಿಸಲಿ! ಗುಟ್ಟು ಮಾಡುವುದು ಅವನೊಬ್ಬನಿಗೇ ಬರುತ್ತದೆಯೇ? ನಾಳೆ ಇನ್ನೂ ಬೇಗ ಏಳಬೇಕು.

ಏಪ್ರಿಲ್ 1, ಮಂಗಳವಾರ

ಇವತ್ತು ಅವನೂ ಮೇಡಮ್ಮೂ ಎಣಿಕೆಗೆ ಹೊರಟ ಮೊದಲ ದಿನ. ನಾನು ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ: ಎಂಬತ್ತು, ನಿಧಾನಕ್ಕೆ ಓಡಿಸಿದರೂ ಹನ್ನೆರಡೂವರೆ. ಆಗ ಅವನು ದೊಡ್ಡ ಜೊಂಡಿನ ಹತ್ತಿರ ಇರುತ್ತಾನೆ. ಅಲ್ಲೇ ನಿಲ್ಲಲಿ, ಅವನೂ ಒಂದು ಸಲ ಎಳೆಯಲಿ, ಅವನ ಅಂಗೈಯಲ್ಲೂ ಬೊಬ್ಬೆ ಬರಲಿ ಎಂದು ಹನ್ನೊಂದರ ತನಕ ಅಂದುಕೊಂಡೆ. ಬೇಕಾದಷ್ಟು ಸಲ ಅಂದುಕೊಂಡೆ, ರುಚಿ ಹತ್ತಲಿಲ್ಲ. ಆಮೇಲೆ ಸುಮ್ಮನೆ ಕೂತು ಬೇಜಾರಾಯಿತೆಂದು ದೋಣಿ ಬಿಚ್ಚಿದೆ. ಬ್ಯಾಟರಿ ತುಂಬಿತ್ತು. ಆದರೂ ಮೋಟರು ಹಾಕದೆ ಹುಟ್ಟು ಹಾಕಿಕೊಂಡೇ ಹೋದೆ, ಒಂದು ತೊಟ್ಟೂ ಖರ್ಚಾಗಬಾರದು.

ಹಕ್ಕಿಗಳಿಗೆ ಕೇಳಿಸದ ಹಾಗೆ ಹುಟ್ಟನ್ನು ನೀರಿನಿಂದ ಎತ್ತದೆ ಎಳೆಯುವುದು ಒಂದು ವಿದ್ಯೆ. ಈ ಕೆರೆಯಲ್ಲಿ ಅದು ಇಬ್ಬರಿಗೇ ಗೊತ್ತು. ಇಪ್ಪತ್ತೊಂದರಂದು ಆ ಗಡಿಬಿಡಿಯಲ್ಲಿ ನನಗೇ ಮರೆತುಹೋಗಿತ್ತು.

ನಾನು ಮುಟ್ಟುವಾಗ ಅವನ ಮೋಟರು ನಿಂತಿತ್ತು. ಅವನೂ ನಾನು ಕಲಿಸಿದ ಹಾಗೇ, ಹುಟ್ಟು ಎತ್ತದೆ ಎಳೆಯುತ್ತಿದ್ದ. ಆಚೆ ಬದಿ ಒಂದು ಹಕ್ಕಿಯೂ ಎದ್ದಿರಲಿಲ್ಲ. ನನ್ನ ದೋಣಿಯನ್ನು ಅವನದಕ್ಕೆ ತಾಗಿಸಿ ಹಗ್ಗ ಕೊಟ್ಟೆ. ಹಿಡಿದ. ನೂರಿಪ್ಪತ್ತನ್ನು ಇಬ್ಬರೂ ಸೇರಿ ಎತ್ತಿ ಆ ಕಡೆ ದಾಟಿಸಿದೆವು.

“ಸೊಂಟ ನೋಡ್ಕೊಳ್ಳಿ ಭಾವ” ಎಂದ, ಪಿಸುದನಿಯಲ್ಲಿ.

ಎರಡು ವರ್ಷದ ಮೇಲೆ ಏನು ಮಾತಾಡುವುದು? ಬಾಯಿಗೆ ಬಂದದ್ದು ಇದು: “ಕೆಂಪು ಮೊದಲು ಹಾಕು. ಕ್ಲಿಪ್ಪಿನ ಬಾಯಿ ಒಳಗಿರಲಿ. ನಿನಗೆ ಯಾವಾಗಲೂ ಹೊರಗೆ.”

ಅವನ ಕೈ ನಿಂತಿತು. ನನ್ನ ಮುಖ ನೋಡಿದ. ನನಗೆ ಗೊತ್ತು ಎಂದು ಅವನಿಗೆ ಗೊತ್ತಾಯಿತು. “ಹೂಂ ಭಾವ” ಎಂದು ಬಾಯಿ ಒಳಗೆ ಮಾಡಿ ಕಚ್ಚಿಸಿದ. ಮೋಟರು ತಿರುಗಿತು.

ಮೇಡಂ ಇಬ್ಬರನ್ನೂ ನೋಡುತ್ತಾ, “ನಿಮಗೆ ಇವರು ಏನಾಗಬೇಕು?” ಎಂದು ಅವನನ್ನು ಕೇಳಿದರು.

“ನನಗೆ ಹುಟ್ಟು ಹಿಡಿಯೋದು ಕಲಿಸಿದವರು” ಎಂದ. ಹಲ್ಲು ಕಿರಿಯಲಿಲ್ಲ.

ಅಲ್ಲಿ ಕೇಳಿಸಿಕೊಳ್ಳುವುದಕ್ಕೆ ಕಟ್ಟೆಯ ಜನ ಯಾರೂ ಇರಲಿಲ್ಲ. ಜೊಂಡು, ನೀರು, ಎಣಿಸಿ ಮುಗಿಯದ ಹಕ್ಕಿಗಳು. ನನಗೆ ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದು ಒರೆಸಿಕೊಂಡೆ. ಗಾಳಿ ಇರಲಿಲ್ಲ ಎಂಬುದು ಅವನಿಗೂ ಗೊತ್ತು, ಗಾಳಿ ನೋಡುವುದು ಕಲಿಸಿದವನೂ ನಾನೇ. ಮೇಡಂ, “ನಾಳೆಯೂ ಬರ್ತೀರಾ?” ಎಂದರು. ನೋಡೋಣ ಎಂದು ಬಿಗುಮಾನ ಮಾಡಿ, ಅವನ ಖಾಲಿ ಎಂಬತ್ತನ್ನು ಹಾಕಿಕೊಂಡು ವಾಪಸು ಬಂದೆ. ಎಷ್ಟು ಹಗುರ ಆ ಡಬ್ಬಿ! ಸುಳ್ಳೇಕೆ, ಅದಕ್ಕೂ ಒಂದಿಷ್ಟು ಹೊಟ್ಟೆಕಿಚ್ಚಾಯಿತು.

ಎಂಬತ್ತು: ಮಧ್ಯಾಹ್ನ ಎರಡೂವರೆಗೆ ಸಣ್ಣ ಚಾರ್ಜರಿಗೆ ಹಾಕಿದೆ. ನೂರಿಪ್ಪತ್ತು: ಸಂಜೆ ಆರೂವರೆಗೆ ಹಳದಿ ಚಾರ್ಜರಿಗೆ ಅವನೇ ಹಾಕಿದ, ನಾನು ಪಕ್ಕದಲ್ಲಿದ್ದೆ. ಬೀಗ: ಇಲ್ಲ.